ಯಜಮಾನರ ಹೆಜ್ಜೆ, ನನ್ನ ನಕ್ಷೆ

ನಮ್ಮ ಮನೆ ಮುಂದಿನ ರಸ್ತೆಯನ್ನು ಮೊನ್ನೆ ಮತ್ತೆ ಅಗೆದರು. ಸಿದ್ಧಾರ್ಥನಗರದಲ್ಲಿ ಇದೇನು ಹೊಸದಲ್ಲ. ನಾನೇ ಇಂಜಿನಿಯರ್ ಆಗಿದ್ದಾಗ ಇದೇ ಬೀದಿಗಳನ್ನು ಅಗೆಸಿ ಜನರ ಕೈಲಿ ಚೆನ್ನಾಗಿ ಬೈಸಿಕೊಂಡವಳು. ಗೇಟಿನ ಹತ್ತಿರ ನಿಂತು ಕಾಫಿ ಕುಡಿಯುತ್ತಿದ್ದೆ. ಜೆಸಿಬಿ ಹಳೆಯ ಕಬ್ಬಿಣದ ಪೈಪೊಂದನ್ನು ಕಿತ್ತು ಮೇಲೆ ಹಾಕಿತು. ಒದ್ದೆ ಮಣ್ಣು, ತುಕ್ಕು, ಎಷ್ಟೋ ವರ್ಷ ಗಾಳಿ ಕಾಣದೆ ನಿಂತ ನೀರು, ಎಲ್ಲ ಸೇರಿದ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆ ನಮ್ಮ ವಾಲ್ವ್‌ಮನ್ ಯಜಮಾನರ ಅಂಗಿಯಿಂದ ಬರುತ್ತಿತ್ತು. ಕಾಫಿ ಅರ್ಧಕ್ಕೇ ಸಾಕಾಯಿತು.

ಕಚೇರಿಯಲ್ಲಿ ಎಲ್ಲರೂ ಅವರನ್ನು ಯಜಮಾನರು ಅಂತಲೇ ಕರೆಯುತ್ತಿದ್ದರು. ಅವರು ಬೋಗಾದಿಯವರು. ಬೋಗಾದಿ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ನೀರುಗಂಟಿಯಾಗಿದ್ದು, ಊರಿಗೆ ನೀರು ಬಿಡುವ ಕೆಲಸ ಮಾಡಿಕೊಂಡಿದ್ದವರು. ಆಮೇಲೆ ನಗರದ ನೀರಿನ ಕೆಲಸಕ್ಕೆ ದಿನಗೂಲಿಯಾಗಿ ಸೇರಿದರಂತೆ. ನಾನು ಅವರನ್ನು ಮೊದಲು ನೋಡುವ ಹೊತ್ತಿಗೆ ಐವತ್ತು ದಾಟಿತ್ತು, ಇನ್ನೂ ಖಾಯಂ ಆಗಿರಲಿಲ್ಲ. ಅಲ್ಲಿಯವರೆಗೆ ನಾನು ಶಾಲೆಗಳಿಗೆ ಕೊಠಡಿ ಕಟ್ಟಿಸಿಕೊಂಡು ಹಾಯಾಗಿದ್ದೆ. ಒಂದು ದಿನ ನೀರಿನ ವಿಭಾಗಕ್ಕೆ ಎತ್ತಿಹಾಕಿದರು. ಗೋಡೆ ಗೊತ್ತಿತ್ತು, ಸೂರು ಗೊತ್ತಿತ್ತು. ನೆಲದ ಕೆಳಗೆ ಏನಿದೆ ಅನ್ನುವುದು ದೇವರಾಣೆಗೂ ಗೊತ್ತಿರಲಿಲ್ಲ. ಕಚೇರಿಯಲ್ಲಿದ್ದ ಹಳೆಯ ನಕ್ಷೆಗಳನ್ನು ಗೆದ್ದಲು ತಿಂದಿತ್ತು. ಯಾವ ಪೈಪು ಎಲ್ಲಿ ತಿರುಗುತ್ತದೆ, ಯಾವ ವಾಲ್ವ್ ಎಲ್ಲಿ ಹೂತುಹೋಗಿದೆ ಅಂತ ಕೇಳಿದರೆ ಎಲ್ಲರೂ ಯಜಮಾನರತ್ತ ಕೈ ತೋರಿಸುತ್ತಿದ್ದರು.

ಅವರ ಬಳಿ ಒಂದು ಕಬ್ಬಿಣದ ಸಲಾಕೆ ಇತ್ತು. ಅದರ ಒಂದು ತುದಿಯನ್ನು ವಾಲ್ವಿನ ಮೇಲೋ ರಸ್ತೆಯ ಮೇಲೋ ಊರಿ, ಇನ್ನೊಂದು ತುದಿಗೆ ಕಿವಿ ಇಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಪಕ್ಕದಲ್ಲಿ ಬಸ್ಸು ಹೋದರೂ ಅಲ್ಲಾಡುತ್ತಿರಲಿಲ್ಲ. ಒಮ್ಮೆ ನನ್ನನ್ನೂ ಕರೆದರು.

"ಕಿವಿ ಕೊಡಿ ಕಣವ್ವ. ಒಳಗೆ ಅಳ್ತಾ ಅದೆ, ಕೇಳುಸ್ತಾ?"

ನನಗೆ ಕೇಳಿಸಿದ್ದು ನನ್ನ ಎದೆಬಡಿತ ಮಾತ್ರ. ಹೂಂ ಅಂದೆ. ಅವರು ನಕ್ಕರು. ನಾನು ಸುಳ್ಳು ಹೇಳಿದ್ದು ಗೊತ್ತಾಗಿತ್ತು ಅನಿಸುತ್ತದೆ... ಅಗೆಯಿರಿ ಅಂತ ಅವರು ಗೆರೆ ಎಳೆದ ಕಡೆ ಅಗೆದರೆ ಪೈಪು ಸರಿಯಾಗಿ ಅಲ್ಲೇ ಒಡೆದಿತ್ತು.

ನಕ್ಷೆ ಮಾಡೋಣ ಅನ್ನುವ ಯೋಚನೆ ನನ್ನದೇ. ಏಳೆಂಟು ತಿಂಗಳು, ಬೆಳಿಗ್ಗೆ ಬೆಳಿಗ್ಗೆಯೇ ಇಬ್ಬರೂ ನಡೆದೆವು. ಬನ್ನಿಮಂಟಪದ ಕಡೆಯಿಂದ ಶುರುಮಾಡಿ ಬೀದಿ ಬೀದಿ ಸುತ್ತಿದೆವು. ಅವರು ಹೆಜ್ಜೆಯಲ್ಲಿ ಅಳೆಯುವವರು. ರಾಗಿ ಮಿಲ್ಲಿನ ಗೋಡೆಯಿಂದ ಇಪ್ಪತ್ತೆರಡು ಹೆಜ್ಜೆ, ಹೊಂಗೆಮರದಿಂದ ಬಲಕ್ಕೆ ಒಂಬತ್ತು, ಹೀಗೆ. ನಾನು ಮೊದಲ ದಿನ ಅವರ ಹೆಜ್ಜೆಗೆ ಟೇಪು ಹಿಡಿದು ಅಳೆದುಕೊಂಡೆ. ಆಮೇಲೆ ಅವರು ಎಣಿಸುವುದು, ನಾನು ಮೀಟರ್ ಮಾಡಿ ಬರೆದುಕೊಳ್ಳುವುದು. ದಾರಿಯಲ್ಲಿ ಯಾರದೋ ಮನೆಯಲ್ಲಿ ನೀರು ಕೇಳಿ ಕುಡಿಯುವರು. "ನಾವೇ ಬುಟ್ಟ ನೀರು ಕಣವ್ವ, ಕುಡೀರಿ" ಅಂತ ನನಗೂ ಕೊಡಿಸುವರು. ಅವರಿಗೆ ಅಷ್ಟೊಂದು ಹೆಮ್ಮೆ.

ಆ ವರ್ಷ ಖಾಯಂ ಮಾಡುವವರ ಪಟ್ಟಿ ತಯಾರಾಗುತ್ತದೆ ಎಂಬ ಸುದ್ದಿ ಹಬ್ಬಿತ್ತು. ನಡೆಯುತ್ತಾ ನಡೆಯುತ್ತಾ ಅವರು ಅದೊಂದನ್ನೇ ಹೇಳುವರು.

"ಖಾಯಂ ಒಂದು ಆಗ್ಬುಟ್ರೆ ಸಾಕು ಕಣವ್ವ. ಕೂಲಿ ಅಂತ ಬಂದೋನು, ನೌಕರ ಅನ್ನುಸ್ಕೊಂಡು ಹೋಯ್ತೀನಿ. ನೀವೊಂದ್ಮಾತು ಹೇಳಿ ಮೇಲ್ನೋರ್‌ಗೆ."

ಹೇಳುತ್ತೇನೆ ಅಂದಿದ್ದೆ. ಮನಸ್ಸಿನಲ್ಲೂ ಹಾಗೇ ಇತ್ತು.

ನಕ್ಷೆ ಮುಗಿಯಿತು. ಕಂಪ್ಯೂಟರಿನಲ್ಲಿ ಬಣ್ಣಬಣ್ಣದ ಗೆರೆಯಾಗಿ ಅದು ಮೂಡಿದಾಗ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕೆಳಗಿನ ಮೂಲೆಯಲ್ಲಿ, ತಯಾರಿಸಿದವರು ಎಂಬ ಕಡೆ, ನನ್ನ ಹೆಸರು ಹಾಕಿಕೊಂಡೆ. ನನ್ನದೊಂದೇ. ಸಭೆಯಲ್ಲಿ ದೊಡ್ಡ ಸಾಹೇಬರು ಹಾಳೆಯನ್ನು ಮೇಜಿನ ಮೇಲೆ ಹರಡಿ ಬಹಳ ಹೊತ್ತು ನೋಡಿದರು. ಆಮೇಲೆ ಪಕ್ಕದಲ್ಲಿದ್ದ ಖಾಯಂ ಪಟ್ಟಿಯನ್ನು ತೆಗೆದರು. ಅದರಲ್ಲಿ ಕೆಲವು ಹೆಸರು ಕಡಿಮೆ ಮಾಡಬೇಕಿತ್ತು.

"ಈ ವಾಲ್ವ್‌ಮನ್ ಇಲ್ಲದೆ ನಡೆಯೋದಿಲ್ಲ ಅಂತಿದ್ರಲ್ಲ ಎಲ್ಲರೂ. ನೀವೇನಂತೀರಿ?" ಅಂತ ನನ್ನನ್ನೇ ಕೇಳಿದರು.

ಹೇಳಬೇಕಾದ ಮಾತು ಬಾಯಲ್ಲೇ ಇತ್ತು. ಆದರೆ ನಕ್ಷೆಯನ್ನು ಇನ್ನೂ ಸ್ವಲ್ಪ ಹೊಗಳಿಸಿಕೊಳ್ಳುವ ಆಸೆ ಅದಕ್ಕಿಂತ ಮುಂದೆ ಬಂದು ನಿಂತಿತು.

"ಅವರಿಗೆ ಗೊತ್ತಿರೋದೆಲ್ಲ ಈಗ ಇದರಲ್ಲೇ ಇದೆ ಸರ್" ಅಂದೆ.

ಸಾಹೇಬರು ತಲೆಯಾಡಿಸಿ ಪೆನ್ನು ತೆಗೆದು ಒಂದು ಗೆರೆ ಎಳೆದರು. ಆಗಲಾದರೂ ತಡೆಯಬಹುದಿತ್ತು. ಎಲ್ಲರೂ ನನ್ನ ಕೆಲಸವನ್ನು ಮೆಚ್ಚಿ ಮಾತಾಡುತ್ತಿದ್ದರು, ನಾನು ನಗುತ್ತಾ ಕೂತಿದ್ದೆ. ನನಗೆ ಯಾರೂ ಬೆದರಿಕೆ ಹಾಕಿರಲಿಲ್ಲ, ಯಾರೂ ಒತ್ತಾಯ ಮಾಡಿರಲಿಲ್ಲ...

ನಾಲ್ಕು ದಿನ ಬಿಟ್ಟು ಯಜಮಾನರು ಕಚೇರಿಗೆ ಬಂದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಪಟ್ಟೀಲಿ ನನ್ನೆಸ್ರು ಇಲ್ವಂತೆ. ಎಂಗಾಯ್ತು ಕಣವ್ವ ಇದು?"

"ನಾನು ಎಷ್ಟೋ ಹೇಳಿದೆ ಯಜಮಾನ್ರೇ. ಜಗಳಾನೇ ಆಡಿದೆ. ಮೇಲಿನೋರು ಕೇಳಲಿಲ್ಲ."

ನಾಲಿಗೆ ತಡವರಿಸಲೂ ಇಲ್ಲ. ಅವರು ನನ್ನನ್ನೇ ಸಮಾಧಾನ ಮಾಡಿದರು.

"ಬುಡಿ ಕಣವ್ವ. ನೀವಾದ್ರೂ ಕೇಳುದ್ರಲ್ಲ, ಅಷ್ಟೇ ಸಾಕು. ನನ್ನಿಂದ ನೀವ್ಯಾಕೆ ಅವ್ರ ಕೈಲಿ ನಿಷ್ಠೂರ ಆಗ್ತೀರಿ."

ಪಟ್ಟಿಯಲ್ಲಿಲ್ಲದ ದಿನಗೂಲಿಗಳನ್ನು ನಿಲ್ಲಿಸಿದರು, ಮುಂದಿನ ತಿಂಗಳಿನಿಂದ ಅವರು ಕೆಲಸಕ್ಕೆ ಬರಲಿಲ್ಲ. ಬೋಗಾದಿಯಲ್ಲಿ ಹೊಸದಾಗಿ ಏಳುತ್ತಿದ್ದ ಮನೆಗಳ ಗೋಡೆಗೆ ನೀರು ಹಾಕುವ ಕೆಲಸ ಹಿಡಿದಿದ್ದಾರೆ ಎಂದು ಯಾರೋ ಹೇಳಿದರು. ನಾನು ಹೋಗಿ ನೋಡಲಿಲ್ಲ.

ಎರಡು ವರ್ಷದ ಮೇಲೆ ಒಂದು ಬೆಳಿಗ್ಗೆ ದೊಡ್ಡ ಪೈಪು ಒಡೆದು ಬೀದಿಯಿಡೀ ಹೊಳೆಯಾಯಿತು. ವಾಲ್ವ್ ಮುಚ್ಚಬೇಕು. ನಕ್ಷೆ ಬಿಚ್ಚಿದೆ. ರಾಗಿ ಮಿಲ್ಲಿನ ಗೋಡೆಯಿಂದ ಇಷ್ಟು ಮೀಟರ್ ಎಂದು ನಾನೇ ನಮೂದಿಸಿದ್ದೆ. ಮಿಲ್ಲು ಎಲ್ಲಿದೆ? ಕೆಡವಿ ಕಲ್ಯಾಣಮಂಟಪ ಕಟ್ಟಿದ್ದರು. ಯಜಮಾನರು ಹೇಳಿದ ಗುರುತುಗಳನ್ನೆಲ್ಲ ಬರೆದುಕೊಂಡಿದ್ದೆ. ಗುರುತೇ ಹೋದರೆ ಏನು ಮಾಡಬೇಕು ಅಂತ ಅವರನ್ನು ಕೇಳಿರಲಿಲ್ಲ. ಮೂರು ಕಡೆ ಅಗೆಸಿದೆ, ಬರೀ ಮಣ್ಣು. ಕೊನೆಗೆ ಜೀಪು ಬೋಗಾದಿಗೆ ಓಡಿತು.

ಬಂದರು. ಪಂಚೆ ಮೇಲೆ ಕಟ್ಟಿಕೊಂಡು ನೀರಿಗಿಳಿದರು. ಆ ಸದ್ದಿನ ನಡುವೆಯೂ ಸಲಾಕೆ ಊರಿ ಅಲ್ಲಲ್ಲಿ ಕಿವಿ ಇಟ್ಟರು. ಕಲ್ಯಾಣಮಂಟಪದ ಮೆಟ್ಟಿಲ ಬುಡ ತೋರಿಸಿ ಅಗೆಯಿರಿ ಅಂದರು. ವಾಲ್ವ್ ಅಲ್ಲೇ ಇತ್ತು. ಹೊರಡುವಾಗ ಜೊತೆಯವರಿಗೆ ಕೇಳುವಂತೆ ಹೇಳಿದರು, "ಬೇರೆ ಯಾರು ಕರುದಿದ್ರೂ ಬತ್ತಿರ್ಲಿಲ್ಲ ಕಣ್ರಪ್ಪ. ನನ್ಗೋಸ್ಕರ ಜಗಳ ಆಡಿದೋರು ಈವಮ್ಮ."

ನನಗೆ ಅಲ್ಲೇ ನೀರಿನಲ್ಲಿ ಕೊಚ್ಚಿಕೊಂಡು ಹೋದರೂ ಸರಿಯೇ ಅನಿಸಿತು. ಆದರೂ ಬಾಯಿ ಬಿಡಲಿಲ್ಲ.

ನಕ್ಷೆ ನನ್ನನ್ನು ಮೇಲಕ್ಕೆ ತಂದಿತು. ರಸ್ತೆ, ಮಳೆನೀರು ಚರಂಡಿ, ಬೀದಿದೀಪ, ಉದ್ಯಾನ ಅಂತ ಎಲ್ಲ ವಿಭಾಗಗಳಲ್ಲೂ ಕೆಲಸ ಮಾಡಿದೆ. ಕೈಗೆ ಸಿಕ್ಕಿದ್ದನ್ನೆಲ್ಲ ಕಲಿತಳು ಎಂದು ನಿವೃತ್ತಿಯ ದಿನ ಹಾರ ಹಾಕಿ ಹೊಗಳಿದರು. ಕಲಿಸಿದವರ ಸುದ್ದಿ ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹೋದ ತಿಂಗಳು ಯಜಮಾನರು ತೀರಿಕೊಂಡರು. ಹನ್ನೊಂದನೆಯ ದಿನ ಬೋಗಾದಿಗೆ ಹೋದೆ. ಹಳೆಯ ಊರಿನ ಓಣಿಯಲ್ಲಿ ಸಣ್ಣ ಮನೆ, ಸುತ್ತ ಬಾಡಿಗೆಯ ಎತ್ತರದ ಕಟ್ಟಡಗಳು. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು ನೆಂಟರಿಗೆಲ್ಲ ಹೇಳಿದರು, "ಇವ್ರೇ ನೋಡ್ರಿ ಆ ಮೇಡಂ. ನಮ್ಮೋರು ಸಾಯೋಗಂಟ ಇವ್ರ ಹೆಸ್ರು ಹೇಳೋರು." ನಾನು ತಲೆ ತಗ್ಗಿಸಿದೆ. ಅದನ್ನವರು ದುಃಖ ಅಂದುಕೊಂಡರು. ಎಲೆ ಮುಂದೆ ಕೂರಿಸಿ, ಎಲ್ಲರಿಗಿಂತ ಮೊದಲು ನನಗೇ ಬಡಿಸಿದರು. ಬೇಡ ಅನ್ನಲಿಲ್ಲ. ಊಟ ಮಾಡಿ ಬಂದೆ.

ಹೋಗಿ ಆ ತಾಯಿಗೆ ಎಲ್ಲ ಹೇಳಿಬಿಡಲೇ ಎಂದು ದಿನವೂ ಅಂದುಕೊಳ್ಳುತ್ತೇನೆ. ಈಗ ಹೇಳಿದರೆ ಅವರ ಮನೆಯಲ್ಲಿ ಉಳಿದಿರುವ ಒಂದು ಸಮಾಧಾನವನ್ನೂ ಕಿತ್ತುಕೊಂಡಂತಾಗುತ್ತದೆ ಎಂದು ಸುಮ್ಮನಾಗುತ್ತೇನೆ. ಇದು ಕರುಣೆಯೋ ಹೇಡಿತನವೋ ನನಗೆ ಚೆನ್ನಾಗಿ ಗೊತ್ತು. ಹೇಳಬೇಕಾಗಿದ್ದು ಯಜಮಾನರಿಗೆ. ನಾನು ಸುಳ್ಳು ಹೇಳಿದ ಮೇಲೆ ಅವರು ಹದಿನಾರು ವರ್ಷ ಬದುಕಿದ್ದರು, ಇದೇ ಊರಿನಲ್ಲಿ.