ಜಳಕದ ಹಂಡ್ಯಾಗ ಕುದ್ದ ಹೊಳಿ ಕಟಗಿ

ಮುಂಜಾನಿ ಚಾಕ್ಕಿಡೂಣು ಅಂತ ಅಡಗಿಮನಿಗಿ ಹೋದ್ರ, ಗ್ಯಾಸಿನ ಮ್ಯಾಲೆ ದೊಡ್ಡ ಪಾತೇಲಿ ಕುದ್ಯಾಕತ್ತಿತ್ತು. ಒಳಗ ಕಟಗಿ. ಮಗಳು ಮೀನ ಸಾಕತಾಳಂತ, ಗಾಜಿನ ಪೆಟಗ್ಯಾಗ ಇಡೂ ಕಟಗಿನ ಮೊದಲ ಕುದಸಬೇಕಂತ. ಬೈಬೇಕಂತ ಬಾಯಿ ತಗದೆ. ಅಷ್ಟ್ರಾಗ ತೊಯ್ದ ಕಟಗಿ ವಾಸನಿ ಮೂಗಿಗಿ ಹೊಡೀತು ನೋಡ್ರಿ, ಬೈಯೂದು ಮರತು, ನಾ ಸಣ್ಣಾಕಿದ್ದಾಗಿನ ಬಾಗೇವಾಡಿ ಮನಿಗಿ ಹೋಗಿಬಿಟ್ಟೆ.

ಎಪ್ಪತ್ತರ ದಶಕ. ನಾನು ಸಾಲಿಗಿ ಹೋಗಾಕಿ, ಅಂದ್ರ ಹೋಗಾಕ ಅಳಾಕಿ. ನಮ್ಮ ಕಾಕಾ ಆಲಮಟ್ಟ್ಯಾಗ ಡ್ಯಾಮಿನ ಕಾರಕೂನ, ಐತವಾರಕ್ಕೊಮ್ಮೆ ಮನಿಗಿ ಬರಾಂವ. ಒಂದ್ಸಲ ಕಬ್ಬಿಣದ ಪಟ್ಟಿಗಿ ಗಾಜು ಕೂಡಿಸಿ, ಡಾಂಬರ ಮೆತ್ತಿದ ಪೆಟಗಿ ತಂದ. ಅದರ ಜೋಡಿ ಒಂದು ಕೊಡ ಹೊಳಿ ಮೀನ. ಲಿಂಗಪೂಜಿ ಮನ್ಯಾಗ ಮೀನ! ಓಣಿ ಮಂದಿ ಬಗ್ಗಿ ಬಗ್ಗಿ ನೋಡಿದ್ರು.

ಆಯಿ, ಅಂದ್ರ ಕಾಕಾನ ಅವ್ವ, ಕಡ್ಡಿ ಮುರದಂಗ ಹೇಳಿದ್ಲು: "ಇಟಗೊ. ಒಂದ ಒಂದು ಸತ್ತರೂ ಪೆಟಗಿ ಹೊರಗ. ಹೆಣಾ ಇಡೂ ಮನಿ ಅಲ್ಲಿದು."

ಮೀನಿಗಿ ಅಡಗಾಕ ಜಾಗಾ ಬೇಕಂತ ಕಾಕಾ ಕೃಷ್ಣಾ ಹೊಳ್ಯಾಗ ತೇಲಿ ಬಂದ ಜಾಲಿ ಬೇರು ತಂದ. ಹಂಗ ಹಾಕಿದ್ರ ತೇಲತೈತಿ, ನೀರ ಚಾದಂಗ ಕೆಂಪಗಾಗತೈತಿ. ಅದಕ್ಕ ತಿಕ್ಕಿ ತೊಳದು ಜಳಕದ ಹಂಡ್ಯಾಗ ಕುದಸಾಕ ಇಟ್ಟ.

"ಕಟಗಿ ಹಂಡೆ ಕೆಳಗ ಇರಬೇಕೋ ಶಾಣ್ಯಾ," ಅಂದ್ಲು ಆಯಿ. "ನಾಳೆ ಒಲ್ಯಾಗ ನೀರ ಹಾಕ್ತಿಯೇನ?"

ಕಾಕಾ ಕುದಿಸಿದ, ಕಲ್ಲು ಕಟ್ಟಿ ನೀರಿನ ಬಾನ್ಯಾಗ ಮುಳುಗಿಸಿದ, ನೀರ ಬದಲಿಸಿದ. ಅಂವ ಇಲ್ಲದ ದಿನಾ ಆ ಕೆಲಸ ನಂದು. ಕಡೀಕ ನೀರ ತಿಳಿ ಆತು, ಬೇರು ತಾನ ಮುಳುಗಿತು. ಅದನ್ನ ಅಂಗಳದ ಕಟ್ಟಿ ಮ್ಯಾಲಿಟ್ಟು ಕಾಕಾ ಉಸುಕು ತರಾಕ ಹೋದ.

ನಮ್ಮ ಮನ್ಯಾಗ ಲಟ್ಟಣಿಗಿ ಇರಲಿ, ಒನಕಿ ಇರಲಿ, ಹೊಸಾ ಕಟಗಿಗಿ ಎಣ್ಣಿ ಕುಡಿಸದ ಬಳಸೂದಿಲ್ಲ. ಬೋಳು ಬೇರು ನೋಡಿ ಆಯಿ ಕೈ ಸುಮ್ನಿರಲಿಲ್ಲ. ಕುಸುಬಿ ಎಣ್ಣಿ ತಂದು ಕೂಸಿಗಿ ತಿಕ್ಕಿದಂಗ ತಿಕ್ಕಿದ್ಲು. ತೊಯ್ದ ಕಟಗಿ ಹೆಂಗೂ ಮಿಂಚತೈತಿ. ಕಾಕಾಗ ಗೊತ್ತಾಗಲಿಲ್ಲ, ಪೆಟಗ್ಯಾಗ ಇಟ್ಟುಬಿಟ್ಟ.

ಸ್ವಲ್ಪ ಹೊತ್ತಿಗಿ ನೀರ ಮ್ಯಾಲೆ ಬಣ್ಣಬಣ್ಣದ ಪದರ. ಮೀನೆಲ್ಲಾ ಮ್ಯಾಲೆ ಬಂದು ಬಾಯಿ ಬಿಡಾಕತ್ತಿದ್ವು. ಕಾಕಾ ಗಾಬರ್ಯಾಗಿ ಕೈ ಹಾಕಿದ. ಬೇರು ಕಿತ್ತು ತಗದ, ಮೂಸಿ ನೋಡಿದ.

"ನಾನ ಹಚ್ಚೀನೋ," ಅಂದ್ಲು ಆಯಿ.

ಸುಮ್ನ ಕುಂತಿದ್ರ ಆಕೀನ ಗೆಲ್ತಿದ್ಲು. ಪೆಟಗಿ ಸಂಜೀಕ ಹೊರಗ ಹೋಗ್ತಿತ್ತು.

ಕಾಕಾ ಕೊಡಾ ತರಾಕ ಓಡಿದ. "ಮೀನ ಹಿಡ್ಯಾಕ ಹೋಗಿ ಕೊಲ್ಲಬ್ಯಾಡ, ನಿಲ್ಲು," ಅಂತ ಆಯಿ ದೀಪದ ಬತ್ತಿಗಿ ಬಿಡಿಸಿಟ್ಟ ಹೊಲದ ಹತ್ತಿ ತಂದು ನೀರ ಮ್ಯಾಲೆ ಹಾಸಿದ್ಲು. ಹೊಲದಿಂದ ಬಂದ ಹತ್ತಿಗಿ ಜಿಡ್ಡಿರತೈತಿ, ನೀರ ಕುಡ್ಯೂದಿಲ್ಲ, ಎಣ್ಣಿ ಬಿಡೂದಿಲ್ಲ. ತಗದ್ಲು, ಮತ್ತ ಹಾಸಿದ್ಲು. ಬತ್ತಿ ಹತ್ತಿ ಎಲ್ಲಾ ಮುಗೀತು. ಮೀನ ಒಂದೊಂದ ತಳಕ್ಕ ಇಳದ್ವು. ಆಮ್ಯಾಲೆ ಎಣ್ಣಿ ಬಿಡಲಿ ಅಂತ ಬೂದಿ ಹಾಕಿ ಬೇರನ್ನ ತಾನ ಕುದಿಸಿದ್ಲು. ಅದ ಜಳಕದ ಹಂಡ್ಯಾಗ.

ಸುಮಾರು ದಿನದ ಮ್ಯಾಲೆ ಒಂದು ಮೀನ ವಯಸ್ಸಾಗಿ ಸತ್ತೂ ಹೋತು. ಕಾಕಾ ಆಲಮಟ್ಟ್ಯಾಗಿದ್ದ. ಆಯಿ ಅದನ್ನ ದಾಸಾಳ ಗಿಡದ ಬುಡಕ ಮುಚ್ಚಿ ಬಂದು, ಕೈ ತೊಳಕೋತ ನನಗ ಹೇಳಿದ್ಲು:

"ನೀ ಏನೂ ನೋಡಿಲ್ಲ. ಇಲ್ಲಂದ್ರ ನನ್ನ ಮಾತಿಗಿ ನಾ ಪೆಟಗಿ ಹೊರಗ ಇಡಬೇಕಾಗತೈತಿ."

"ಕಾಕಾ ಕೇಳಿದ್ರ?"

"ಕಟಗಿ ಹಿಂದ ಮಕ್ಕೊಂಡೈತಿ ಅನ್ನು."

"ಒಬ್ಬಾಕಿನ ಯಾಕ ನಗಾಕತ್ತಿ ಬೇ?" ಅಂದ್ಲು ಪಾತೇಲಿ ಇಳಸಾಕ ಬಂದ ಮಗಳು. ಚಾ ಇನ್ನೂ ಆಗಿರಲಿಲ್ಲ. ತಡಾ ಆಗಲಿ ಬಿಡು ಅಂತ, ಕಟಗಿ ಬಿಟ್ಟ ಕಂದು ನೀರ ಬಸ್ಯಾಕ ಆಕಿ ಹಿಡದ ಪಾತೇಲಿನ ಇನ್ನೊಂದು ಕಡೆ ನಾನ ಹಿಡದೆ.