ಕನ್ನಡ ಅಲ್ಲ, ಕನ್ನಡಿ

ಸಾವಿರದ ಒಂಬೈನೂರ ಎಂಬತ್ತಾರನೆಯ ಇಸವಿಯಲ್ಲಿ ನಾನು ಶಾಲೆ ಬಿಟ್ಟೆ. ಏಳನೆಯ ಇಯತ್ತೆ ಅರ್ಧವಾಗಿತ್ತು. ಯಾಕೆ ಬಿಟ್ಟೆ ಎಂದು ಕೇಳಿದವರಿಗೆಲ್ಲ ಇಷ್ಟು ವರ್ಷ ಒಂದೇ ಉತ್ತರ ಕೊಡುತ್ತ ಬಂದಿದ್ದೇನೆ: ಮನೆಗೆ ದುಡಿಯುವ ಕೈ ಬೇಕಾಗಿತ್ತು. ಅದು ಸುಳ್ಳಲ್ಲ, ಆದರೆ ಅರ್ಧ ನಿಜ. ಉಳಿದ ಅರ್ಧವನ್ನು ನಾನು ನುಂಗಿಕೊಂಡದ್ದರಿಂದ ನಮ್ಮ ಮನೆಯಲ್ಲಿ ಏನಾಯಿತು ಎಂಬುದು ನನಗೇ ತಿಳಿದದ್ದು ಹೋದ ತಿಂಗಳು. ಪುಣೆಯ ಬಿಬವೇವಾಡಿಯಲ್ಲಿ ನನ್ನ ಅಚ್ಚಿನ ಅಂಗಡಿಯ ಎದುರಿಗೆ ಗಾಡಿ ರಿಪೇರಿಯವನೊಬ್ಬ ಚೈನು ತೊಳೆಯುತ್ತಾನೆ. ಎಲ್ಲಿಂದಲೋ ಅವನಿಗೆ ಇವತ್ತಿಗೂ ಸೀಮೆಎಣ್ಣೆ ಸಿಗುತ್ತದೆ. ಆ ವಾಸನೆ ರಸ್ತೆ ದಾಟಿ ಬಂದಾಗಲೆಲ್ಲ ನನ್ನ ಕೈ ಕೀಲಿಮಣೆಯ ಮೇಲೆ ನಿಂತುಬಿಡುತ್ತದೆ. ಮೊದಲು ಸೀಮೆಎಣ್ಣೆ, ಅದರ ಹಿಂದೆ ಕರಿ ಶಾಯಿ, ಅದರ ಹಿಂದೆ ತೇವ ಹಿಡಿದ ಕಾಗದ, ಎಲ್ಲದರ ಹಿಂದೆ ಅವ್ವ ಕುಟ್ಟುತ್ತಿದ್ದ ಶೇಂಗಾ ಚಟ್ನಿಯ ಬೆಳ್ಳುಳ್ಳಿ. ಇಷ್ಟೂ ವಾಸನೆ ಒಂದೇ ಕೋಣೆಯಲ್ಲಿದ್ದ ಮನೆ ನಿಮ್ಮದೂ ಆಗಿದ್ದರೆ, ಮುಂದಿನದನ್ನು ನಾನು ಹೇಳಬೇಕಾಗಿಯೇ ಇಲ್ಲ.

ಆಗ ನಮ್ಮದು ಕಸಬಾ ಪೇಠೆಯಲ್ಲಿ, ಹತ್ತಾರು ಬಿಡಾರಗಳಿದ್ದ ಒಂದು ಹಳೆಯ ವಾಡೆಯ ಕೆಳಮಹಡಿಯ ಮನೆ. ಮುಂದಿನ ಭಾಗದಲ್ಲಿ ಕಾಲಿನಿಂದ ತುಳಿಯುವ ಅಚ್ಚಿನ ಯಂತ್ರ, ಗೋಡೆಗುಂಟ ಮೊಳೆಗಳ ಖಾನೆ, ನಡುವೆ ಪುಟ ಕಟ್ಟಲು ಒಂದು ನುಣುಪಾದ ಕಲ್ಲು. ಪರದೆಯ ಆಚೆ ಒಲೆ, ಹಾಸಿಗೆ, ದೇವರು. ಸೀಸದ ಅಕ್ಷರಗಳಿಗೆ ನಾವು ಮೊಳೆ ಎನ್ನುತ್ತಿದ್ದೆವು, ಓಣಿಯ ಮರಾಠಿ ಜನ ಖಿಳೆ ಎನ್ನುತ್ತಿದ್ದರು. ಎರಡೂ ಗೋಡೆಗೆ ಹೊಡೆಯುವ ಮೊಳೆಯ ಹೆಸರೇ. ಕನ್ನಡದ ಮೊಳೆಗಳನ್ನು ಅಪ್ಪ ಗದಗಿನಿಂದ ಗೋಣಿಚೀಲದಲ್ಲಿ ತಂದಿದ್ದ. ರೈಲಿನಲ್ಲಿ ಅದರ ಭಾರಕ್ಕೆ ಕೂಲಿ, "ಏನ್ರಿ, ಚೀಲದಾಗ ದೇವರ ಅದಾವೇನ್ರಿ?" ಎಂದು ಕೇಳಿದ್ದನಂತೆ. ಪುಣೆಯ ಕನ್ನಡದವರ ಲಗ್ನಪತ್ರಿಕೆ, ತೊಟ್ಟಿಲು, ತಿಥಿಯ ಕಾಗದ, ಕರಾವಳಿಯಿಂದ ಬಂದು ಹೋಟೆಲು ಇಟ್ಟವರ ತಿಂಡಿಪಟ್ಟಿ, ಎಲ್ಲ ನಮ್ಮಲ್ಲೇ ಆಗುತ್ತಿತ್ತು. ಆದರೆ ಮೊಳೆ ಕಡಿಮೆ. ಒಂದು ಪತ್ರಿಕೆ ಅಚ್ಚಾದ ಮೇಲೆ ಅದನ್ನು ಒಡೆದು, ಸೀಮೆಎಣ್ಣೆಯಲ್ಲಿ ತೊಳೆದು, ಒಂದೊಂದೇ ಅಕ್ಷರವನ್ನು ಅದರದರ ಮನೆಗೆ ಹಾಕದ ಹೊರತು ಇನ್ನೊಂದು ಪತ್ರಿಕೆ ಹುಟ್ಟುವಂತಿರಲಿಲ್ಲ. ಆ ಕೆಲಸ ಅವ್ವನದು. ಮೂಲೆ ಮುರಿದ ಮೊಳೆ ಸಿಕ್ಕರೆ ಅದನ್ನು ಒಂದು ಡಬ್ಬಿಗೆ ಹಾಕುತ್ತಿದ್ದಳು. ಡಬ್ಬಿಯ ಹೆಸರು ದವಾಖಾನಿ. "ಇದಕ್ಕ ಔಷಧ ಇಲ್ಲ, ಅಡ್ಮಿಟ್ ಮಾಡು," ಎನ್ನುತ್ತಿದ್ದ ಅಪ್ಪ.

ಅವ್ವ ಇಂಡಿ ತಾಲೂಕಿನ ಹಳ್ಳಿಯವಳು, ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮದುವೆಯಾಗಿ ಬಂದ ಮೇಲೆ ಮೊಳೆಗಳನ್ನು ಕೈಯಲ್ಲಿ ಹಿಡಿದು, ಅಪ್ಪನನ್ನು ಕೇಳಿ ಕೇಳಿ ಅಕ್ಷರ ಕಲಿತಳು. ಮೊಳೆಯ ಮೇಲಿನ ಅಕ್ಷರ ಉಲ್ಟಾ ಇರುತ್ತದೆ, ಕಾಗದಕ್ಕೆ ಒತ್ತಿದಾಗ ಸುಲ್ಟಾ ಆಗುತ್ತದೆ. ಅವಳಿಗೆ ಬಂದದ್ದು ಉಲ್ಟಾ ಒಂದೇ. ಕಲ್ಲಿನ ಮೇಲೆ ಕಟ್ಟಿಟ್ಟ ಪುಟವನ್ನು ಬೆರಳಿಟ್ಟು ಬಲದಿಂದ ಎಡಕ್ಕೆ ತಡವಿಲ್ಲದೆ ಓದುತ್ತಿದ್ದಳು. ಅಪ್ಪ ಬಿಟ್ಟ ದೀರ್ಘ, ತಪ್ಪಿದ ಒತ್ತು ಹಿಡಿಯುತ್ತಿದ್ದಳು. "ನೋಡ್ರಿ, ಇಲ್ಲಿ ಮದಿಮಗನ ಬಾಲ ಬಿದ್ದೈತಿ," ಎಂದು ನಗುತ್ತಿದ್ದಳು. ಅದೇ ಪುಟ ಅಚ್ಚಾಗಿ ಕಾಗದವಾಗಿ ಬಂದರೆ ಅವಳಿಗೆ ಇರುವೆ ಸಾಲು. ಎಷ್ಟು ತಿದ್ದಿದರೂ ತಿರುವಿ ಓದುವುದು ಬರಲಿಲ್ಲ. ಅವ್ವ ಮತ್ತು ಕಾಗದ ಇಬ್ಬರೂ ಒಪ್ಪುತ್ತಿದ್ದ ಗುರುತು ಒಂದೇ, ಸೊನ್ನೆ. ಅದು ಎರಡೂ ಕಡೆಯಿಂದ ಒಂದೇ ಥರ.

ನಾನು ಅಕ್ಷರ ಕಲಿತದ್ದು ಅವಳ ತೊಡೆಯ ಮೇಲೆ, ಆ ಮೊಳೆಗಳಿಂದ. ಪುಣೆಯ ಕನ್ನಡ ಶಾಲೆಗೆ ಹೋದ ಮೇಲೆ ಪೆಟ್ಟು ತಿಂದು ತಿರುವಿಕೊಂಡೆನಾದರೂ ಉಕ್ತಲೇಖನ ಜೋರಾಗಿ ಬಂದರೆ ಕೈ ತನ್ನ ಮೊದಲ ದಾರಿ ಹಿಡಿಯುತ್ತಿತ್ತು. ಏಳನೆಯ ಇಯತ್ತೆಯಲ್ಲಿ ಒಂದು ದಿನ ಅರ್ಧ ಪುಟ ಬಲದಿಂದ ಎಡಕ್ಕೆ ಹೋಗಿಬಿಟ್ಟಿತ್ತು. ಮಾಸ್ತರರು ಸ್ನೇಹಸಮ್ಮೇಳನದ ನಾಟಕದ ಪೆಟ್ಟಿಗೆಯಿಂದ ಬಣ್ಣ ಹಚ್ಚಿಕೊಳ್ಳುವ ಕನ್ನಡಿ ತರಿಸಿ, ನನ್ನ ವಹಿಯನ್ನು ಅದರ ಮುಂದೆ ಹಿಡಿದರು. ಕನ್ನಡಿಯಲ್ಲಿ ನನ್ನ ಅಕ್ಷರ ಮುತ್ತಿನ ಹಾಗೆ ನೆಟ್ಟಗೆ ನಿಂತಿತ್ತು. "ನೋಡ್ರಲೇ, ಇವಂದು ಕನ್ನಡ ಅಲ್ಲ, ಕನ್ನಡಿ! ಪರೀಕ್ಷಾಕ್ಕ ಕಂಪಾಸ್ ಪೆಟಗಿ ಜೋಡಿ ಒಂದು ಕನ್ನಡೀನೂ ತಗೊಂಡ ಬಾರಪಾ," ಎಂದರು. ಬಹುಶಃ ಅವರಿಗೆ ಅದು ಬರೀ ಚೇಷ್ಟೆ. ನಲವತ್ತು ಬಾಯಿ ನಕ್ಕವು. ಬಿಡುವಿನಲ್ಲಿ "ಏ ಕನ್ನಡೀ" ಎಂದು ಕರೆದವನ ಹಲ್ಲು ಮುರಿದು, ಚೀಲ ಹೆಗಲಿಗೇರಿಸಿ ಮನೆಗೆ ಬಂದೆ. "ನನಗ ಶಾಲಿ ಸಾಕು. ಪ್ರೆಸ್ಸಿನಾಗ ನಿಂದರತೀನಿ," ಎಂದೆ. ಅವ್ವ ನನ್ನ ಗದ್ದ ಹಿಡಿದು ಕೇಳಿದಳು, "ಏನಾತೋ ಶಿವ್ಯಾ? ಯಾರ ಏನಂದ್ರು?" "ಯಾರೂ ಏನೂ ಅಂದಿಲ್ಲ." ಕನ್ನಡಿಯ ಮಾತನ್ನು ಹೇಳಿದರೆ ನನಗೆ ಅಕ್ಷರ ಕಲಿಸಿದವಳನ್ನು ದೂರಿದಂತಾಗುತ್ತದೆ ಎಂದುಕೊಂಡೆ. ಅಷ್ಟೇ ಅಲ್ಲ, ನನಗೆ ಸೊಕ್ಕು. ನಗೆಪಾಟಲಾದದ್ದನ್ನು ಬಾಯಿ ಬಿಟ್ಟು ಹೇಳುವ ಜಾತಿ ನನ್ನದಲ್ಲ.

ಆ ವರ್ಷವೇ, ಲಗ್ನಸರಾಯಿ ಎಂಬ ಮದುವೆಯ ಹಂಗಾಮು ಜೋರಿದ್ದಾಗ, ಅವ್ವನ ತವರಿನಿಂದ ಮಾವನ ಪತ್ರ ಬಂತು. ಪತ್ರಗಳನ್ನು ಅಪ್ಪನೇ ಓದಿ ಹೇಳುತ್ತಿದ್ದ. ಅಂದು ಅವ್ವ ಹಟ ಹಿಡಿದಳು. "ನನಗೂ ಒಮ್ಮಿ ನಾನಾ ಓದ್ಬೇಕು ಅನಸ್ತದರಿ. ನೀವು ಓದಿ ಹೇಳೂದರಾಗ ಅರ್ಧಾ ನುಂಗ್ತೀರಿ."

"ನಿನಗ ಓದಾಕ ಬರೂದು ಸೀಸದಾಗ. ನಿಮ್ಮಣ್ಣ ಬರದದ್ದು ಕಾಗದದಾಗ. ಇಬ್ಬರಿಗೂ ಹೆಂಗ ಗಂಟ ಹಾಕಲಿ?"

"ಊರಮಂದಿ ಗಂಟೆಲ್ಲಾ ನೀವ ಹಾಕ್ತೀರಿ. ನಮ್ಮಣ್ಣನ ನಾಕ ಸಾಲ ಜೋಡಸಾಕ ಆಗೂದಿಲ್ಲೇನು?"

ಅಪ್ಪ ನಕ್ಕ. ಪತ್ರವನ್ನು ಎದುರಿಗಿಟ್ಟುಕೊಂಡು ಮೊಳೆ ಜೋಡಿಸಿ ಕಲ್ಲಿನ ಮೇಲೆ ಕಟ್ಟಿಟ್ಟ. ಅವ್ವ ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ಬಂದು, ದೇವರ ಮುಂದೆ ಕೂತ ಹಾಗೆ ಕೂತಳು. ಬೆರಳು ಬಲದಿಂದ ಹೊರಟಿತು. ನಾವೆಲ್ಲಾರೂ ಆರಾಮ. ಮಳಿ ಚಲೋ ಆಗೇತಿ. ಕೆಂದ ಆಕಳ ಈದೈತಿ. ತನ್ನ ಹೆಸರು ಬಂದಲ್ಲಿ ಬೆರಳು ನಿಂತಿತು. ಅಷ್ಟು ವರ್ಷ ಊರವರ ಹೆಸರುಗಳನ್ನೆಲ್ಲ ಒಡೆದು ಖಾನೆಗೆ ಹಾಕಿದವಳು ತನ್ನ ಹೆಸರನ್ನು ಸೀಸದಲ್ಲಿ ನೋಡಿದ್ದು ಅದೇ ಮೊದಲು. "ಈ ಸಲ ಏನೂ ನುಂಗಿಲ್ಲಲ್ಲ?" ಎಂದು ತಲೆ ಎತ್ತಿ ಕೇಳಿದಳು. "ಸೀಸಾ ಸುಳ್ಳ ಹೇಳ್ತದೇನ?" ಎಂದ ಅಪ್ಪ.

ಕಾಗದದಲ್ಲಿ ಐದು ಸಾಲಿತ್ತು. ಕಲ್ಲಿನ ಮೇಲೆ ನಾಲ್ಕು. ಬಿಟ್ಟ ಸಾಲು ನನಗೆ ಅಪ್ಪನ ಮೊಳಕೈಯ ಸಂದಿಯಿಂದ ಕಂಡಿತ್ತು: ಅವ್ವಗ ಮಾತ್ರ ಭಾಳ ಆರಾಮಿಲ್ಲ, ನಿನ್ನ ಹೆಸರ ತಗೀತಾಳ, ಲಗೂನ ಬಾ. ಅಪ್ಪ ನನ್ನ ಕಡೆ ನೋಡಿದ ನೋಟದಲ್ಲಿ ಗದರಿಕೆ ಇರಲಿಲ್ಲ, ಬೇಡಿಕೆ ಇತ್ತು. ಮೂರು ಮನೆಯ ಪತ್ರಿಕೆಗಳು ಮೈಮೇಲಿದ್ದವು. ಅವ್ವನ ಕೈ ಇಲ್ಲದೆ ಮೊಳೆ ಬಿಡುವಾಗುವುದಿಲ್ಲ. ನಾಲ್ಕು ದಿನ ಕಳೆದು ಕಳಿಸಿದರಾಯಿತು ಎಂದು ಅವನ ಲೆಕ್ಕ. ಮೂರನೆಯ ದಿನ, ಅಜ್ಜಿ ಹೋದಳೆಂದು ತಾರು ಬಂತು. ಅವ್ವ ಊರು ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. "ಲಗೂನ ಬಾ ಅಂತ ಬರದಿದ್ನೆಲ್ಲವಾ," ಎಂದು ಮಾವ ಅತ್ತನಂತೆ. ಅಜ್ಜಿಯ ದಿನ ಮುಗಿಸಿ ತಿರುಗಿ ಬಂದವಳು ಜಗಳ ತೆಗೆಯಲಿಲ್ಲ. ಖಾನೆಯ ಮುಂದೆ ಕೂತು ಮೊಳೆ ಹಾಕುತ್ತ, ಯಾರಿಗೂ ಅಲ್ಲವೆಂಬಂತೆ, "ಸೀಸಾನೂ ಸುಳ್ಳ ಹೇಳ್ತದ," ಎಂದಳು. ಆಮೇಲೆ ಯಾವ ಪತ್ರ ಬಂದರೂ ಬೆಳಿಗ್ಗೆ ಅಪ್ಪನ ಕೈಲಿ ಓದಿಸುವಳು, ಮಧ್ಯಾಹ್ನ ಅವನು ಕಾಗದ ತರಲು ಹೋದಾಗ ಅದನ್ನೇ ನನ್ನ ಕೈಲಿ ಓದಿಸುವಳು. ಎರಡನ್ನೂ ಮನಸ್ಸಿನಲ್ಲೇ ತಾಳೆ ನೋಡುವಳು. ನಾನು ಅಕ್ಷರ ಬಿಡದೆ ಓದುತ್ತಿದ್ದೆ. ಅವಳು ಕಾಗದ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು. ನಂಬಿಕೆ ಮಾತ್ರ ಬರಲಿಲ್ಲ. ಮುಖದಲ್ಲಿ ಇಲ್ಲದ್ದನ್ನು ಮುಖದಲ್ಲಿ ಹುಡುಕಿದರೆ ಹೇಗೆ ಸಿಗಬೇಕು.

ಅಪ್ಪ ಹೋದ. ಆಫ್‌ಸೆಟ್ ಬಂತು, ಆಮೇಲೆ ಕಂಪ್ಯೂಟರು. ನಾನು ಯಾರ ಹತ್ತಿರವೂ ಕೈ ಚಾಚದೆ, ನಲವತ್ತು ದಾಟಿದ ಮೇಲೆ ಕೀಲಿಮಣೆ ಕಲಿತೆ. ಒಂದು ಪತ್ರಿಕೆಗೆ ಎರಡು ದಿನ ಹಿಡಿಯುತ್ತಿದ್ದವನು ಎರಡು ತಾಸಿನಲ್ಲಿ ಮಾಡಿದೆ. ಮೊಳೆಗಳು ವಾಡೆಯಲ್ಲೇ ಉಳಿದವು. ಅಚ್ಚಿನ ಕೆಲಸವಿಲ್ಲದಿದ್ದರೂ ಅವ್ವ ದಿನಾ ಒಂದು ಖಾನೆ ತೆಗೆದು, ಧೂಳು ಒರೆಸಿ, ಕೆಲವನ್ನು ಕಲ್ಲಿನ ಮೇಲೆ ತನ್ನಷ್ಟಕ್ಕೆ ಜೋಡಿಸಿ ಒಡೆಯುತ್ತಿದ್ದಳು. ಏನು ಜೋಡಿಸುತ್ತಿದ್ದಳೆಂದು ನಾನು ಒಂದು ದಿನವೂ ಬಗ್ಗಿ ನೋಡಲಿಲ್ಲ. ನಿಮಗೆ ಹೇಳಲು ನಾಚಿಕೆಯಾಗುತ್ತದೆ, ನನಗೆ ಗಿರಾಕಿ ಇದ್ದರು. ವಾಡೆ ಕೆಡವಿ ಹೊಸ ಬಿಲ್ಡಿಂಗ್ ಎಬ್ಬಿಸುವವರು ಬಂದರು, ತಿಂಗಳೊಳಗೆ ಜಾಗ ಬಿಡಬೇಕಾಯಿತು. ಬಿಬವೇವಾಡಿಯ ಎರಡು ಕೋಣೆಯಲ್ಲಿ ಅಷ್ಟು ಭಾರ ಇಡಲು ಎಡೆಯಿಲ್ಲ. ಗುಜರಿಯವನನ್ನು ಕರೆದೆ. ಅವನು ಖಾನೆಗಳನ್ನು ಒಂದೊಂದಾಗಿ ಚೀಲಕ್ಕೆ ಬೋರಲು ಹಾಕಿದ. ಅಕಾರ, ಕಕಾರ, ಒತ್ತು, ಕೊಂಬು, ಎಲ್ಲ ಒಂದೇ ಸಪ್ಪಳ. ಅವ್ವ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಟೆಂಪೋ ತಿರುವಿನಲ್ಲಿ ಮರೆಯಾದಾಗ, "ನಂದೂ ಶಾಲಿ ಬಿಟ್ಟಂಗಾತು ನೋಡಪಾ," ಎಂದಳು. ದವಾಖಾನಿ ಡಬ್ಬಿ ಮಾತ್ರ ಅವಳ ಸೆರಗಿನಡಿ ಇತ್ತು.

ಬಿಬವೇವಾಡಿಯಲ್ಲಿ ಅವಳಿಗೆ ಓದಲು ಏನೂ ಇರಲಿಲ್ಲ. ಕೊನೆಯ ವರ್ಷ ದೊಡ್ಡ ಆಸ್ಪತ್ರೆಯವರು ಬರೆದುಕೊಟ್ಟ ಕಾಗದವನ್ನು ನನ್ನ ಮುಂದೆ ಹಿಡಿದು ಕೇಳಿದಳು, "ಏನ ಬರದಾರ?" "ಅಶಕ್ತಿ ಅದ ಅಂತ. ಗುಳಿಗಿ ತಗೊಂಡ್ರ ಕಡಿಮಿ ಆಗ್ತದಂತ." ಕಾಗದದಲ್ಲಿ ಇದ್ದದ್ದು ಅದಲ್ಲ. ಅವಳು ನನ್ನ ಮುಖ ನೋಡಿದಳು. "ನೀ ನಿಮ್ಮಪ್ಪನ ಮಗನ ಖರೇ," ಎಂದು ಆ ಕಡೆ ಹೊರಳಿದಳು. ಎರಡು ವರ್ಷದ ಹಿಂದೆ, ಆಷಾಢ ಏಕಾದಶಿಯ ಯಾತ್ರೆಯ ಪಾಲಖಿ ಪುಣೆಯಿಂದ ಸಾಸವಡದ ಕಡೆಯ ಘಾಟು ಏರಿದ ದಿನ, ಹೋದಳು.

ಹೋದ ತಿಂಗಳು ಅಂಗಡಿಗೆ ಮೈಸೂರು ಕಡೆಯ ಒಬ್ಬ ಎಂಜಿನಿಯರ ಬಂದ. ಅವನ ಆಫೀಸಿನಲ್ಲಿ ರಾಜ್ಯೋತ್ಸವವಂತೆ. "ಅಂಕಲ್, ಒಂದು ಕನ್ನಡ ಬ್ಯಾನರ್ ಬೇಕಿತ್ತು. ಮ್ಯಾಟರ್ ಎಐ ಕೈಲಿ ಬರೆಸಿದೀನಿ, ಸಖತ್ತಾಗಿದೆ." ನೋಡಿದರೆ ಒತ್ತುಗಳೆಲ್ಲ ಕಳಚಿ, ಶ್ರೀ ಒಂದು ಕಡೆ ಶಕಾರ, ಒಂದು ಕಡೆ ರೀಕಾರವಾಗಿ ಬಿದ್ದಿತ್ತು. "ಓದಿ ನೋಡೀರೇನ್ರಿ ಸಾಹೇಬ್ರ?" "ಇಲ್ಲ ಅಂಕಲ್. ಮಾತಾಡೋದು ಫ್ಲುಯೆಂಟು, ಓದೋದು ಸ್ವಲ್ಪ ಸ್ಲೋ." ಸಿಟ್ಟು ಬರಲಿಲ್ಲ. ಓದಲು ಬರುವ ಅಕ್ಷರ ಸಿಗದವಳು ನನ್ನ ಮನೆಯಲ್ಲಿದ್ದಳು. ಇವನ ಬೆರಳ ತುದಿಯಲ್ಲಿ ಎಲ್ಲ ಅಕ್ಷರವೂ ಇದೆ, ಒಂದಕ್ಕೂ ಭಾರವಿಲ್ಲ. ಕುಳಿತು ತಿದ್ದಿಕೊಟ್ಟೆ. ಖುಷಿಯಾಗಿ ಅಂಗಡಿಯ ಮುಂದೆ ಸೆಲ್ಫಿ ತೆಗೆಯೋಣ ಎಂದು ನನ್ನನ್ನು ಎಳೆದು ನಿಲ್ಲಿಸಿದ. "ಅಯ್ಯೋ, ನಿಮ್ ಬೋರ್ಡ್ ಉಲ್ಟಾ ಬರ್ತಿದೆ ಅಂಕಲ್. ಟೆನ್ಶನ್ ಬೇಡ, ಫೋಟೋ ಸೇವ್ ಆದಾಗ ಸರಿ ಹೋಗುತ್ತೆ."

ಫೋನಿನ ಗಾಜಿನಲ್ಲಿ ನಮ್ಮಿಬ್ಬರ ತಲೆಯ ಮೇಲೆ ನನ್ನ ಬೋರ್ಡಿನ ಕನ್ನಡ ಸಾಲು ಇತ್ತು. ಉಲ್ಟಾ. ಬಲದಿಂದ ಎಡಕ್ಕೆ. ಥೇಟು ಕಲ್ಲಿನ ಮೇಲಿನ ಸೀಸ. ನಾನು ತಡವಿಲ್ಲದೆ ಓದಿದೆ, ಓದಿದ ದನಿ ಅವ್ವನದು. ಸ್ಟೂಲಿನ ಮೇಲೆ ಕೂತುಬಿಟ್ಟೆ.

ನಿಮಗೆ ಆಗಲೇ ಹೊಳೆದಿರಬೇಕು. ನನಗೆ ಇಷ್ಟು ವರ್ಷ ಹಿಡಿಯಿತು. ನಮ್ಮ ವಾಡೆಯ ಕಿಟಕಿಗೆ ಅಂಗೈಯಷ್ಟು ಕನ್ನಡಿ ತೂಗುತ್ತಿತ್ತು, ಅವ್ವ ಅದರಲ್ಲಿ ಕುಂಕುಮ ಹಚ್ಚಿಕೊಳ್ಳುತ್ತಿದ್ದಳು. ಅದರ ಮುಂದೆ ಮಾವನ ಪತ್ರ ಹಿಡಿದಿದ್ದರೆ ಐದೂ ಸಾಲು ಅವಳೇ ಓದುತ್ತಿದ್ದಳು. ಅಂದೇ ರೈಲು ಹತ್ತುತ್ತಿದ್ದಳು, ತಾಯಿಯ ಬಾಯಿಗೆ ನೀರು ಬಿಡುತ್ತಿದ್ದಳು. ಪೇಪರು, ಪಂಚಾಂಗ, ಹೋಟೆಲಿನ ತಿಂಡಿಪಟ್ಟಿ, ಜಗತ್ತಿನಲ್ಲಿ ಅಚ್ಚಾದದ್ದೆಲ್ಲ ಅವಳದಾಗುತ್ತಿತ್ತು. ಇದು ಆ ಮನೆಯಲ್ಲಿ ಅಪ್ಪನಿಗೆ ಹೊಳೆಯಲಿಲ್ಲ, ಅವ್ವನಿಗೆ ಹೊಳೆಯಲಿಲ್ಲ. ಕನ್ನಡಿ ಅಕ್ಷರವನ್ನು ತಿರುವುತ್ತದೆ ಎಂದು ಕಣ್ಣಾರೆ ಕಂಡವನು ನಾನೊಬ್ಬನೇ. ನಲವತ್ತು ಮಂದಿಯ ನಗೆಯ ಜೊತೆ ಅದನ್ನೂ ಹೂತುಬಿಟ್ಟೆ. ಒಂದೇ ಮಾತು, "ಅವ್ವಾ, ಇವತ್ತ ಶಾಲ್ಯಾಗ ಹಿಂಗಾತು," ಎಂದಿದ್ದರೆ ಸಾಕಿತ್ತು. ಅಪ್ಪ ನುಂಗಿದ್ದು ಒಂದು ಸಾಲು. ನಾನು ನುಂಗಿದ್ದು ಅವಳ ಪೂರಾ ಓದು.

ಅಂದು ಮಧ್ಯಾಹ್ನವೇ ಮನೆಗೆ ಹೋಗಿ ಅವ್ವನ ಟ್ರಂಕು ತೆಗೆದೆ. ಮಾವನ ಪತ್ರ ಸೀರೆಯ ಮಡಿಕೆಯಲ್ಲಿತ್ತು, ಮಡಿಸಿದ ಗೆರೆಗಳಲ್ಲಿ ಹರಿದಿತ್ತು. ಕಪಾಟಿನ ಕನ್ನಡಿಯ ಮುಂದೆ ಹಿಡಿದು, ಬಲದಿಂದ ಎಡಕ್ಕೆ, ಅವಳು ಓದುವ ಹಾಗೆ ಬೆರಳಿಟ್ಟು ಓದಿದೆ. ಐದನೆಯ ಸಾಲು ಎಲ್ಲಕ್ಕಿಂತ ಸ್ಪಷ್ಟವಾಗಿತ್ತು. ಅಡಿಗೆಮನೆಯಿಂದ ಬಂದ ಹೆಂಡತಿ, "ಏನ್ರಿ ಇದು, ಕನ್ನಡಿ ಮುಂದ ಕಾಗದಾ ಹಿಡಕೊಂಡ ನಿಂತೀರಿ? ಯಾರಿಗೆ ಓದಿ ತೋರಸಾಕತ್ತೀರಿ?" ಎಂದಳು.

ನನ್ನ ಹತ್ತಿರ ಈಗ ಇರುವುದು ಇಷ್ಟು: ಒಂದು ಅಂಗಡಿ, ಎರಡು ಯಂತ್ರ, ಎರಡು ಕೋಣೆ, ಒಂದು ಕನ್ನಡಿ, ಐದು ಸಾಲಿನ ಒಂದು ಪತ್ರ. ದವಾಖಾನಿ ಡಬ್ಬಿಯಲ್ಲಿ ಮುರಿದ ಮೊಳೆ ಇಪ್ಪತ್ತಮೂರು. ಅದರಲ್ಲಿ, ಅವ್ವ ಮತ್ತು ಕಾಗದ ಇಬ್ಬರೂ ಒಪ್ಪುತ್ತಿದ್ದ ಸೊನ್ನೆ ನಾಲ್ಕು.