ಹೆಗಲ ಮೇಲಿನ ನಾಲ್ಕು ಬೆರಳು

ಐವತ್ತೆರಡನೆಯ ವಯಸ್ಸಿನಲ್ಲಿ ಕಾಲೇಜು ಸೇರಿದವನ ಮೊದಲ ದಿನ ಹೇಗಿತ್ತೆಂದು ಕೇಳಬೇಕೆ? ಅವನು ಬಾಗಿಲಲ್ಲಿ ಕಾಣಿಸಿಕೊಂಡದ್ದೇ ತಡ, ಇಪ್ಪತ್ತೆರಡು ಹುಡುಗ ಹುಡುಗಿಯರು ಧಡಕ್ಕನೆ ಎದ್ದು ನಿಂತು "ಗುಡ್ ಮಾರ್ನಿಂಗ್ ಸರ್" ಎಂದರು. ಮರ್ಯಾದಸ್ಥನಾಗಿದ್ದರೆ ಅಲ್ಲೇ "ನಾನೂ ನಿಮ್ಮ ಹಾಗೇ ಕಲಿಯೋಕೆ ಬಂದವನು ಕಣ್ರಪ್ಪ" ಅನ್ನಬೇಕಿತ್ತು. ಅನ್ನಲಿಲ್ಲ. ಕೈ ಆಡಿಸಿ "ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದುಬಿಟ್ಟ. ಅವರು ಕೂತರು. ಮುಂದೇನು ಮಾಡಬೇಕೆಂದು ತೋಚದೆ ಕರಿಹಲಗೆಯನ್ನು ಒಂದು ಸಲ ಒರೆಸಿ, ಕೊನೆಯ ಸಾಲಿಗೆ ಹೋಗಿ ಕುಕ್ಕರಿಸಿದ. ಎರಡು ನಿಮಿಷಕ್ಕೆ ನಿಜವಾದ ಮೇಡಂ ಬಂದರು. ಅವನ ಅರ್ಧ ವಯಸ್ಸಿನವರು. ಎಲ್ಲರ ಜೊತೆ ಅವನೂ ಎದ್ದು ನಿಂತ. ಆಗ ಎದ್ದ ನಗು ಆ ವಾರವಿಡೀ ಕಾರಿಡಾರಿನಲ್ಲಿ ಅವನ ಹಿಂದೆ ಹಿಂದೆಯೇ ಬಂತು. ಇದನ್ನೆಲ್ಲ ಬೇರೆ ಯಾರೋ ಚಾಡಿ ಹೇಳಿದ್ದಲ್ಲ. ಕೇಳಿದವರಿಗೂ ಕೇಳದವರಿಗೂ ಅವನೇ ಹೇಳಿಕೊಂಡು ತಿರುಗುತ್ತಾನೆ.

ಅವನ ಕಸುಬು ಟಚಪ್. ಮೂವತ್ತು ವರ್ಷ ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ, ಮಸುಕು ಗಾಜಿನ ಮೇಜಿನ ಕೆಳಗೆ ದೀಪ ಹಚ್ಚಿಕೊಂಡು, ನೆಗೆಟಿವ್ ಮೇಲೆ ಚೂಪು ಪೆನ್ಸಿಲಿನಿಂದ ಜನರ ಮುಖ ತಿದ್ದಿದವನು. ಮೊಡವೆ, ಸುಕ್ಕು, ಸಿಡುಬಿನ ಗುಳಿ, ಕಣ್ಣಿನ ಕೆಳಗಿನ ಕಪ್ಪು ಯಾವುದೂ ಅವನ ಕೈಯಲ್ಲಿ ಉಳಿಯುತ್ತಿರಲಿಲ್ಲ. ಕಾಲ ಬದಲಾಯಿತು, ನೆಗೆಟಿವ್ ಹೋಯಿತು, ಪೆನ್ಸಿಲು ಡಬ್ಬಿ ಸೇರಿತು. ಸ್ಟುಡಿಯೋ ಯಜಮಾನ ಅವನ ಭಾವಮೈದ. "ಭಾವ, ಒಂದೋ ಕಂಪ್ಯೂಟರ್ ಕಲೀರಿ, ಇಲ್ಲ ಅಂದ್ರೆ ಮುಂದೆ ಕೂತು ಬಂದವರಿಗೆ ಬಾಚಣಿಗೆ ಕೊಡಿ" ಎಂದ. ಬಾಚಣಿಗೆ ಕೊಡುವುದು ಬೇಡವೆಂದು ಇವನು ಆರು ತಿಂಗಳ ಸರ್ಟಿಫಿಕೇಟ್ ಕೋರ್ಸಿಗೆ ಸೇರಿದ. ಹುಡುಗರು ಟಚಪ್ ಮಾಮ ಎಂದು ಹೆಸರಿಟ್ಟರು.

ಮಾಮನಿಗೆ ಮೌಸ್ ಹಿಡಿಯಲು ಒಂದು ವಾರ ಬೇಕಾಯಿತು. ಅದು ಮೇಜಿನ ತುದಿ ತಲುಪಿದಾಗ ಎತ್ತಿ ಮತ್ತೆ ಈಚೆಗಿಡಬಹುದು ಅನ್ನುವುದು ಹೊಳೆಯದೆ, ಮೇಜನ್ನೇ ಆಚೆ ತಳ್ಳಿದ ಮಹಾನುಭಾವ. ಪಕ್ಕದಲ್ಲಿ ಕೂರುತ್ತಿದ್ದ ಕನ್ನಡಕದ ಹುಡುಗಿ ತಲೆತಲೆ ಚಚ್ಚಿಕೊಂಡು ಕಲಿಸಿದಳು. ಆದರೆ ಒಂದು ವಿಷಯದಲ್ಲಿ ಅವನು ಕ್ಲಾಸಿಗೇ ಮುಂದು. ತೆರೆಯ ಮೇಲಿನ ಮುಖ ಕಂಡೊಡನೆ ಎಲ್ಲಿ ತಿದ್ದಬೇಕು, ಎಲ್ಲಿ ಬಿಡಬೇಕು ಎಂದು ಕಣ್ಣು ಹೇಳುತ್ತಿತ್ತು. ಅಷ್ಟಕ್ಕೇ ಜಂಭ ಬಂತು. ಮೇಡಂ ದಿನವೂ ಒಂದೇ ಮಾತು ಹೇಳುತ್ತಿದ್ದರು: "ಮೊದಲು ಫೈಲಿನ ನಕಲು ಮಾಡ್ಕೊಳ್ಳಿ. ಮೂಲವನ್ನ ಮುಟ್ಟಬೇಡಿ." ಇವನು ಮೀಸೆಯಡಿ ನಗುತ್ತಿದ್ದ. ನೆಗೆಟಿವ್‌ಗೆ ಎಲ್ಲಿಯ ನಕಲು? ಇರುವುದು ಒಂದು, ಕೈ ನಡುಗಿದರೆ ಹೋಯಿತು, ಅದಕ್ಕೇ ಕೈ ನಡುಗಿಸದೆ ಮೂವತ್ತು ವರ್ಷ ತಳ್ಳಿದವನು ತಾನು. ನಕಲು ಗಿಕಲು ಎಲ್ಲ ಎಳೆ ಮಕ್ಕಳಿಗೆ ಎಂದುಕೊಂಡ.

ಕೋರ್ಸಿನ ಕೊನೆಗೆ ಪ್ರಾಜೆಕ್ಟ್. ಹಾಳಾದ ಹಳೆಯ ಫೋಟೋ ಒಂದನ್ನು ತಂದು ಸರಿಮಾಡಿ ತೋರಿಸಬೇಕು. ಅವನು ನೆಟ್ಟಗೆ ಅಕ್ಕನ ಮನೆಗೆ ಹೋದ.

ಅಕ್ಕನ ಹೊಲಿಗೆ ಯಂತ್ರದ ಮೇಲೆ, ಗೋಡೆಯಲ್ಲಿ, ಒಂದು ಫೋಟೋ ಇತ್ತು. ಸ್ಟೂಲಿನ ಮೇಲೆ ಮೂರು ವರ್ಷದ ಇವನು, ಪಕ್ಕದಲ್ಲಿ ಎರಡು ಜಡೆಯ ಹತ್ತು ವರ್ಷದ ಅಕ್ಕ. ಇವನ ಎಡ ಹೆಗಲ ಮೇಲೆ, ಚಿತ್ರದ ಅಂಚಿನಿಂದ ಒಳಗೆ ಬಂದ ನಾಲ್ಕು ಬೆರಳು. ಅವು ಅಮ್ಮನವು. "ಮಕ್ಕಳದ್ದು ತೆಗೀರಿ, ನನ್ನ ಮುಖ ಯಾರು ನೋಡ್ಬೇಕು" ಎಂದು ಅಮ್ಮ ಚೌಕಟ್ಟಿನ ಹೊರಗೆ ನಿಂತಿದ್ದಳಂತೆ. ಮರುವರ್ಷ ಅವಳು ತೀರಿಕೊಂಡಳು. ಅವಳ ಬೇರೆ ಫೋಟೋ ಒಂದೂ ಇಲ್ಲ. ಅಮ್ಮ ಅಂದರೆ ಆ ನಾಲ್ಕು ಬೆರಳು, ಅಷ್ಟೇ. ಆಮೇಲೆ ಇವನನ್ನು ಸಾಕಿದ್ದು, ಬೈದದ್ದು, ಓದಿಸಿದ್ದು ಎಲ್ಲ ಅಕ್ಕ.

ಅಕ್ಕ ಮೊಳೆಯಿಂದ ಫೋಟೋ ಇಳಿಸಲು ಮೊದಲಿಗೆ ಒಪ್ಪಲೇ ಇಲ್ಲ. "ಏನಾದ್ರೂ ಆದ್ರೆ?" ಎಂದಳು.

"ಏನಾಗುತ್ತೆ? ಇದೇ ಕೆಲಸ ಮಾಡಿ ಕೂದಲು ಉದುರಿಸ್ಕೊಂಡಿದ್ದೀನಿ ನಾನು."

"ಅದಕ್ಕೇ ಭಯ. ಭಾನುವಾರ ಇಲ್ಲಿ ವಾಪಸ್ ಇರ್ಬೇಕು, ನೋಡು."

ಫೋಟೋ ತೇವಕ್ಕೆ ಚೌಕಟ್ಟಿನ ಗಾಜಿಗೇ ಅಂಟಿಕೊಂಡಿತ್ತು. ಸೋಮವಾರ ಮೇಡಂ ನೋಡಿ, ಗಾಜಿನ ಸಮೇತವೇ ಸ್ಕ್ಯಾನ್ ಮಾಡಿಸಿದರು. "ಬಿಡಿಸೋಕೆ ಹೋಗ್ಬೇಡಿ ಸರ್, ಚಿತ್ರ ಕಿತ್ತು ಬರುತ್ತೆ" ಎಂದೂ ಹೇಳಿದರು. ನಿನ್ನೆ ಮೊನ್ನೆ ಬಂದ ಹುಡುಗಿ ತನಗೆ ಹೇಳುವುದೇ! ಬುಧವಾರ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ತಟ್ಟೆಯಲ್ಲಿ ನೀರು ತುಂಬಿ, ಗಾಜು ಸಮೇತ ಫೋಟೋ ಮುಳುಗಿಸಿದ. ಹತ್ತು ನಿಮಿಷಕ್ಕೆ ಫೋಟೋ ಬಿಟ್ಟುಕೊಂಡಿತು, ಹೌದು. ಚಿತ್ರ ಮಾತ್ರ ಕಾಗದ ಬಿಟ್ಟು ಹಾಲಿನ ಕೆನೆಯ ಹಾಗೆ ತೇಲಿ, ಬೆರಳು ತಾಗಿಸಿದೊಡನೆ ಚೂರು ಚೂರಾಯಿತು. ಕೈಯಲ್ಲಿ ಬಿಳಿ ಕಾಗದ ಉಳಿಯಿತು. "ಸ್ಕ್ಯಾನ್ ಇದೆಯಲ್ಲ, ಬಿಡು" ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಹೊಸದಾಗಿ ಪ್ರಿಂಟ್ ಹಾಕಿ ಅದೇ ಚೌಕಟ್ಟಿಗೆ ಸೇರಿಸಿದರೆ ಅಕ್ಕನಿಗೆ ಖುಷಿಯೇ ಆಗುತ್ತದೆಂದುಕೊಂಡ.

ಇಷ್ಟಕ್ಕೇ ನಿಂತಿದ್ದರೆ ಅವನನ್ನು ದಡ್ಡ ಎಂದು ಬಿಟ್ಟುಬಿಡಬಹುದಿತ್ತು. ಶುಕ್ರವಾರ ಅವನು ಅದಕ್ಕೂ ಒಂದು ಕೈ ಮೇಲೆ ಹೋದ.

ಮೂವತ್ತು ವರ್ಷ ಒಂದು ಗೆರೆ ತಪ್ಪಿದರೆ ತಪ್ಪಿದ್ದೇ ಎಂದು ಬದುಕಿದವನಿಗೆ ಕಂಪ್ಯೂಟರಿನಲ್ಲಿ ತೀರಾ ಮೆಚ್ಚುಗೆಯಾದದ್ದು ಒಂದೇ: ಮಾಡಿದ್ದನ್ನು ರದ್ದು ಮಾಡುವ ಕಂಟ್ರೋಲ್ ಝಡ್. ಎರಡು ಗುಂಡಿ ಒತ್ತಿದರೆ ತಪ್ಪು ಮಾಯ! ಆ ದಿನ ಅಳಿಸುವ ಬ್ರಷ್ಷಿನ ಪಾಠವಿತ್ತು. ಹುಡುಗರೆಲ್ಲ ಸುತ್ತ ನೆರೆದಿದ್ದರು. ಇವನಿಗೆ ತನ್ನ ಕೈಚಳಕ ತೋರಿಸುವ ಹುಕಿ. "ನೋಡ್ರಪ್ಪ, ಈ ಕೈ ಇದೆಯಲ್ಲ?" ಎಂದು ಅಮ್ಮನ ಬೆರಳುಗಳ ಮೇಲೆ ಬ್ರಷ್ ಆಡಿಸಿದ. ಕೈ ಹೋಯಿತು, ಅಂಗಿಯ ಗೆರೆ ಕೂಡ ಒಂಚೂರು ತಪ್ಪದೆ ಕೂತಿತು. ಎಲ್ಲರೂ ಓ ಎಂದರು. ಕಂಟ್ರೋಲ್ ಝಡ್ ಒತ್ತಿದ, ಕೈ ಬಂತು. ಮತ್ತೆ ಅಳಿಸಿದ, ಮತ್ತೆ ತರಿಸಿದ. ಚಪ್ಪಾಳೆ ಬಿತ್ತು. ಮೂರನೆಯ ಸಲ ಅಳಿಸುವಾಗ ಗಂಟೆ ಹೊಡೆಯಿತು. ಮುಚ್ಚಲು ಹೋದರೆ ಕಂಪ್ಯೂಟರು 'ಉಳಿಸಬೇಕೆ?' ಎಂದು ಕೇಳಿತು. ಕೇಳಿದ್ದಕ್ಕೆ ಇಲ್ಲ ಅನ್ನುವುದು ಸೌಜನ್ಯವಲ್ಲ ಎಂಬಂತೆ ಹೌದು ಎಂದು ಒತ್ತಿ, ಟಿಫಿನ್ ಡಬ್ಬಿ ಎತ್ತಿಕೊಂಡು ಹೊರಟ.

ಊಟವಾದ ಮೇಲೆ ಫೈಲು ತೆರೆದ. ಕೈ ಇರಲಿಲ್ಲ. ಕಂಟ್ರೋಲ್ ಝಡ್ ಒತ್ತಿದ. ಒತ್ತಿದ, ಒತ್ತಿದ, ಕುಟ್ಟಿದ. ಒಮ್ಮೆ ಮುಚ್ಚಿದ ಮೇಲೆ ಅದು ಹಿಂದಿನದನ್ನು ನೆನಪಿಟ್ಟುಕೊಳ್ಳುವುದಿಲ್ಲ ಎಂದು ಕನ್ನಡಕದ ಹುಡುಗಿ ಮೆಲ್ಲಗೆ ಹೇಳಿದಳು. "ನಕಲು ಇದೆ ಅಲ್ವಾ ಮಾಮ?" ಎಂದು ಕೇಳಿದಳು. ಮಾಮ ಇಲ್ಲವೆಂದು ತಲೆ ಅಲ್ಲಾಡಿಸಿದ. ಮೇಡಂ ಬಂದು ನೋಡಿ "ಬೇರೆ ಯಾರದಾದ್ರೂ ಕೈ ಫೋಟೋ ತೆಗೆದು ಅಲ್ಲಿ ಕೂರಿಸೋಣ ಸರ್" ಎಂದಷ್ಟೇ ಹೇಳಿದರು. ಬೈದಿದ್ದರೆ ಅರ್ಧ ಭಾರವಾದರೂ ಇಳಿಯುತ್ತಿತ್ತು.

ಶನಿವಾರ ಇಡೀ ಕ್ಲಾಸು ಅವನಿಗೆ ಕೈ ಕೊಟ್ಟಿತು. ಅಕ್ಷರಶಃ. ಇಪ್ಪತ್ತೆರಡು ಮಕ್ಕಳೂ ಸಾಲಾಗಿ ಬಂದು ಅವನ ಹೆಗಲ ಮೇಲೆ ಕೈಯಿಟ್ಟರು; ಮೇಡಂ ಫೋಟೋ ತೆಗೆದರು. ಒಬ್ಬನ ಬೆರಳು ದಪ್ಪ, ಒಬ್ಬಳದು ಉದ್ದ ಉಗುರು, ಒಬ್ಬನಂತೂ ತನಗೇ ಕಚಗುಳಿಯಿಟ್ಟ ಹಾಗೆ ನಕ್ಕು ಕೆಡಿಸಿದ. "ಮಾಮ, ನಿಮ್ಮಮ್ಮನ ಕೈ ಹೇಗಿತ್ತು ಹೇಳಿ" ಎಂದಳು ಕನ್ನಡಕದ ಹುಡುಗಿ. ಬಾಯಿ ತೆರೆದ. ಹೇಗಿತ್ತು? ಬೆರಳಲ್ಲಿ ಉಂಗುರವಿತ್ತೆ? ಕಿರುಬೆರಳು ಸೊಟ್ಟಗಿತ್ತೋ ನೆಟ್ಟಗಿತ್ತೋ? ಊರವರ ಮುಖದ ಒಂದೊಂದು ಮಚ್ಚೆಯನ್ನೂ ಹುಡುಕಿ ಹುಡುಕಿ ತೆಗೆದವನಿಗೆ, ಬದುಕಿಡೀ ಕಣ್ಣೆದುರು ತೂಗಿದ್ದ ಅಮ್ಮನ ಕೈ ಹೇಗಿತ್ತೆಂದು ಗೊತ್ತಿರಲಿಲ್ಲ. ಅಲ್ಲಿದೆ ಎನ್ನುವುದಷ್ಟೇ ಗೊತ್ತಿತ್ತು. ಅವನಿಗೆ ಅಳು ಬಂತು. ಮಕ್ಕಳೆದುರು ಅಳುವುದು ಹೇಗೆಂದು ಕೆಮ್ಮಿದ.

ಸಂಜೆ ಮನೆಗೆ ಹೋಗಿ ಹೆಂಡತಿಯನ್ನು ಕಿಟಕಿಯ ಬಳಿ ಕರೆದು, ಹೆಗಲ ಮೇಲೆ ಕೈ ಇಡು ಎಂದ. ಅವಳು ಹಿಂದೆ ಸರಿದಳು. "ಮದುವೆಯಾಗಿ ಇಪ್ಪತ್ತಾರು ವರ್ಷಕ್ಕೆ ಈಗ ಜ್ಞಾಪಕ ಬಂತಾ? ಜ್ವರ ಗಿರ ಇದೆಯಾ ನಿಮಗೆ?" ಎಂದಳು. ವಿಷಯ ತಿಳಿದ ಮೇಲೆ ಕೈಯಿಟ್ಟಳು, ಇವನು ಫೋನಿನಲ್ಲಿ ಫೋಟೋ ತೆಗೆದುಕೊಂಡ. "ಅಕ್ಕನಿಗೆ ನಿಜ ಹೇಳ್ಬಿಡಿ" ಎಂದೂ ಹೇಳಿದಳು. ಇವನು ಹೂಂಗುಟ್ಟಿದ, ಹೇಳುವ ಯೋಚನೆ ಮಾತ್ರ ಇರಲಿಲ್ಲ.

ಭಾನುವಾರ ಬೆಳಿಗ್ಗೆ, ರಜೆಯ ದಿನ ಬಂದು ಮೇಡಂ ಲ್ಯಾಬ್ ತೆಗೆದುಕೊಟ್ಟರು. ಹೆಂಡತಿಯ ಬೆರಳನ್ನು ಕಪ್ಪು ಬಿಳುಪು ಮಾಡಿದ, ಬೆಳಕಿನ ದಿಕ್ಕು ಹೊಂದಿಸಿದ, ಹಳೆಯ ಕಾಗದದ ತರಿ ತರಿ ತಂದ, ನೆರಳು ಬಿಡಿಸಿದ. ಜೀವಮಾನದಲ್ಲಿ ಅಂಥ ಕೆಲಸ ಮಾಡಿರಲಿಲ್ಲ. ಮೇಡಂ ಹತ್ತಿರ ಬಾಗಿ ನೋಡಿ "ಯಾರಿಗೂ ಗೊತ್ತಾಗಲ್ಲ ಸರ್" ಎಂದರು. ಹೊಗಳಿಕೆಯೇ. ಅವನು ಮಾತ್ರ ಮತ್ತೆ ಆ ಕೈಯ ಕಡೆ ನೋಡದೆ ಪ್ರಿಂಟ್ ತೆಗೆದು ಹಳೆಯ ಚೌಕಟ್ಟಿಗೆ ಸೇರಿಸಿದ.

ಮಧ್ಯಾಹ್ನ ಅಕ್ಕ ಯಂತ್ರ ನಿಲ್ಲಿಸಿ, ಬಾಯಲ್ಲಿದ್ದ ಗುಂಡುಸೂಜಿ ತೆಗೆದಿಟ್ಟು, ಕನ್ನಡಕ ಏರಿಸಿ ಫೋಟೋ ಹಿಡಿದುಕೊಂಡಳು. "ಅಯ್ಯೋ, ನನ್ನ ಜಡೆ ನೋಡೋ! ರಿಬ್ಬನ್ ಕೂಡ ಕಾಣ್ತಿದೆ" ಎಂದು ನಕ್ಕಳು. ಇವನೂ ಜೊತೆಗೆ ನಕ್ಕ. ಅಷ್ಟರಲ್ಲಿ ಅಕ್ಕನ ನಗು ನಿಂತಿತು. ಫೋಟೋವನ್ನು ಬೆಳಕಿಗೆ ತಿರುಗಿಸಿದಳು.

"ಇದು ಯಾರ ಕೈ?"

"ಯಾರ ಕೈ ಅಂದ್ರೆ? ಅಮ್ಮಂದೇ. ಸ್ವಲ್ಪ ಕ್ಲೀನ್ ಮಾಡಿದ್ದೀನಿ."

"ಸುಳ್ಳು ಹೇಳ್ಬೇಡ. ಅಮ್ಮ ನಿನ್ನನ್ನ ಇಷ್ಟು ಮೆತ್ತಗೆ ಯಾವತ್ತು ಮುಟ್ಟಿದ್ಲೋ?"

ನೀರಿನ ತಟ್ಟೆ, ಚಪ್ಪಾಳೆ, ಹೌದು ಎಂದು ಒತ್ತಿದ್ದು, ಎಲ್ಲವನ್ನೂ ಹೇಳಿದ. ಎಂದಿನ ಅಭ್ಯಾಸದಂತೆ ತಮಾಷೆ ಮಾಡಿಕೊಂಡೇ ಹೇಳಲು ನೋಡಿದ. "ನನ್ನಂಥ ಬೃಹಸ್ಪತಿ ಇನ್ನೊಬ್ಬ ಇಲ್ಲ ಅಕ್ಕ" ಎಂದ. ಅಕ್ಕ ನಗಲಿಲ್ಲ.

"ನನ್ನ ಹತ್ರ ಅವಳದ್ದು ಅಂತ ಇದ್ದಿದ್ದು ಅದೊಂದೇ ಅಲ್ವೇನೋ" ಎಂದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಇವನು ನೆಲ ನೋಡುತ್ತ ನಿಂತ. ಐವತ್ತೆರಡು ವರ್ಷದ ಗಂಡಸು, ಕಿಟಕಿಯ ಗಾಜು ಒಡೆದ ಹುಡುಗನ ಹಾಗೆ. ಗೋಡೆಯಲ್ಲಿ ಫೋಟೋ ಇದ್ದ ಜಾಗ ಚೌಕವಾಗಿ ಬೆಳ್ಳಗಿತ್ತು.

ಅಕ್ಕ ಕನ್ನಡಕ ಮತ್ತೆ ಏರಿಸಿಕೊಂಡು "ನಿನಗೆ ಏನೂ ನೆನಪಿಲ್ಲ ಅಲ್ವಾ?" ಎಂದಳು.

"ಇಲ್ಲ."

"ನೀನು ಸ್ಟೂಲಿಂದ ಹಾರಿ ಎರಡು ಸಲ ಓಡಿದ್ದೆ. ಫೋಟೋದವರು ಕ್ಯಾಮೆರಾ ಕಟ್ಟಿಡೋಕೆ ಹೊರಟಿದ್ರು. ಆಮೇಲೆ ಅಮ್ಮ ಬಂದು ನಿನ್ನನ್ನ ಅಮುಕಿ ಹಿಡ್ಕೊಂಡ್ಲು. ಪ್ರೀತಿಗಲ್ಲ ಕತ್ತೆ, ಓಡದೇ ಇರಲಿ ಅಂತ. ಅವಳ ಗೆಣ್ಣೆಲ್ಲ ಬೆಳ್ಳಗಾಗಿತ್ತು. ಮನೆಗೆ ಬಂದು ಅಂಗಿ ಬಿಚ್ಚಿದ್ರೆ ಬೆರಳಿನ ಗುರುತಿತ್ತು ನಿನ್ನ ಮೈಮೇಲೆ. ಅದು ನೋಡಿ ಅವಳೇ ಅತ್ಲು. ಕೂತ್ಕೋ ಇಲ್ಲಿ."

ಅವನು ಹೊಲಿಗೆಯ ಸ್ಟೂಲಿನ ಮೇಲೆ ಕೂತ. ಅಕ್ಕ ಹಿಂದಿನಿಂದ ಬಂದು ಅವನ ಎಡ ಹೆಗಲನ್ನು ಹಿಡಿದಳು. ಐವತ್ತೊಂಬತ್ತು ವರ್ಷದ ಕೈ, ನಲವತ್ತು ವರ್ಷ ಕತ್ತರಿ ಹಿಡಿದ ಕೈ. ಮೂಳೆಗೆ ತಾಗುವ ಹಾಗೆ ಅಮುಕಿದಳು. ಅಮ್ಮಾ ಎಂದು ಬಾಯಿಗೆ ಬಂದದ್ದನ್ನು ತಡೆದುಕೊಂಡ.

"ಹೀಗೆ ಹಿಡ್ಕೊಂಡಿದ್ಲು. ಗೊತ್ತಾಯ್ತಾ? ಈಗ ತಗೋ ಫೋಟೋ."

ಫೋನನ್ನು ಎದುರಿನ ಯಂತ್ರಕ್ಕೆ ಒರಗಿಸಿ, ಟೈಮರ್ ಇಟ್ಟು, ಮತ್ತೆ ಕೂತ. ಫೋನು ಟಿಕ್ಕೆಂದಿತು. ಅಕ್ಕ ಕೈ ತೆಗೆದು "ಬಂತಾ?" ಎಂದಳು. ಅವನು ಎತ್ತಿ ನೋಡಿದ. ಬೆಳಕು ಸರಿಯಾಗಿತ್ತು, ಗೆಣ್ಣುಗಳು ಬೆಳ್ಳಗೆ ಕಾಣುತ್ತಿದ್ದವು, ತಿದ್ದಲು ಏನೇನೂ ಇರಲಿಲ್ಲ.

"ಇಲ್ಲ ಅಕ್ಕ, ಅಲ್ಲಾಡಿಬಿಟ್ಟಿದೆ" ಎಂದ. "ಇನ್ನೊಂದ್ಸಲ ಹಿಡ್ಕೊ."